ಬೆಟ್ಟದ ಮೇಲಣ ಗಾಳಿ: ಒಂದು ಅನುಮಾನಪ್ರಮಾಣ



ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ತೋಟದ ಮಳೆಪುಸ್ತಕದ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಮೂಡಿಗೆರೆಯ ಕಡೆಗಾಗಲಿ, ಕಳಸದ ಕಡೆಗಾಗಲಿ, ಬಾಬಾಬುಡನ್ ಗಿರಿಯ ತಪ್ಪಲಿಗಾಗಲಿ ಹೋಗಿ, ಒಂದು ಹಳೆಯ ತೋಟದ ಕಣದ ಅಂಚಿನಲ್ಲಿ ನಿಂತರೆ, ಅಲ್ಲೊಂದು ಮಳೆಮಾಪಕವು ನಿಮ್ಮ ಗಮನಕ್ಕೆ ಬರುವುದು. ಒಳಗೆ ಮೇಜಿನ ಮೇಲೆ ರಟ್ಟು ಸವೆದ ಪುಸ್ತಕವೊಂದು ಇರುವುದು. ಬೆಳಿಗ್ಗೆ ಎಂಟೂವರೆಗೆ ರೈಟರು ನೀರನ್ನು ಅಳೆಯುತ್ತಾರೆ. ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುತ್ತಾರೆ. ಇಂಚಿನ ನೂರರಲ್ಲೊಂದು ಪಾಲಿಗೆ ನಮ್ಮಲ್ಲಿ ಸೆಂಟು ಎಂದೇ ಹೆಸರು. ದೇಶವೆಲ್ಲ ಮಿಲಿಮೀಟರಿಗೆ ಹೊರಳಿದ ಮೇಲೂ ನಮ್ಮ ತೋಟಗಳು ಈ ಲೆಕ್ಕವನ್ನು ಬಿಟ್ಟಿಲ್ಲ.

ನಮ್ಮ ಮನೆಯ ಅಂಥ ಪುಸ್ತಕಗಳಲ್ಲಿ ಬಾಲ್ಯದಿಂದಲೂ ನಾನು ಕಂಡ ಸಂಗತಿಯೊಂದಿದೆ. ಮಳೆಗೆ ಅಂಕಿಯಿದೆ, ಗಾಳಿಗೆ ಬರಿಯ ಮಾತಿದೆ. “ಗಾಳಿ ಜೋರು.” “ರಾತ್ರಿಯೆಲ್ಲ ಗಾಳಿ.” “ಸಿಲ್ವರ್ ಮರ ಎರಡು ಬಿದ್ದವು.” ಷರಾದ ಅಂಕಣದಲ್ಲಿ ಇಷ್ಟೇ. ಮಳೆ ಪಾತ್ರೆಯೊಳಗೆ ಬಿದ್ದು ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಗಾಳಿ ಪಾತ್ರೆಗೆ ಸಿಕ್ಕುವುದಿಲ್ಲ. ಆದರೆ ಆ ಮಳೆಯನ್ನು ಅರಬ್ಬೀ ಸಮುದ್ರದಿಂದ ಹೊತ್ತು ತಂದು, ಘಟ್ಟದ ಗೋಡೆಗೆ ಒತ್ತಿ ಹಿಂಡಿ, ಕೊಟ್ಟಿಗೆಹಾರಕ್ಕೆ ಧಾರಾಳವಾಗಿಯೂ ಚಿಕ್ಕಮಗಳೂರಿನ ಪೇಟೆಗೆ ಕೈಬಿಗಿಯಾಗಿಯೂ ಹಂಚುವುದು ಆ ಗಾಳಿಯೇ. ಕಣ್ಣಿಗೆ ಕಾಣದ, ಪಾತ್ರೆಗೆ ಸಿಕ್ಕದ ಆ ಗಾಳಿಯನ್ನೂ, ಅದರೊಳಗಣ ಶಾಖವನ್ನೂ ರೇಡಾರಿನಿಂದ ಹೇಗೆ ತಿಳಿಯುತ್ತಾರೆ ಎಂಬುದು ಈ ಹೊತ್ತಿನ ನನ್ನ ಮಾತು.

ನಮ್ಮ ನೈಯಾಯಿಕರು ಒಂದು ಉದಾಹರಣೆಯನ್ನು ಎಷ್ಟೋ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿದೆ. ಹೊಗೆ ಪ್ರತ್ಯಕ್ಷ. ಬೆಂಕಿ ಅನುಮಾನ. ಇಂದಿನ ಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಾದರೋ ಅದು ಸಂಶಯವನ್ನು ಕಳೆಯುವ ಸಾಧನ. ಕಂಡದ್ದನ್ನು ಹಿಡಿದು ಕಾಣದ್ದನ್ನು ನಿಶ್ಚಯಿಸುವ ಈ ಪ್ರಮಾಣಕ್ಕೆ ಹೊಗೆಗೂ ಬೆಂಕಿಗೂ ಎಂದೂ ತಪ್ಪದ ಸಂಬಂಧವೇ ಆಧಾರ. ಆ ಸಂಬಂಧವನ್ನು ವ್ಯಾಪ್ತಿ ಎಂದರು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನ ಕೆಡುವುದೆಂದೂ ಅವರು ಎಚ್ಚರಿಸಿದ್ದರು. ಮಂಜಿನ ಬೆಟ್ಟಗಳಲ್ಲಿ ಬದುಕುವ ನಮಗೆ ಆ ಎಚ್ಚರಿಕೆ ಬೇರೆಯವರಿಗಿಂತ ಹೆಚ್ಚಾಗಿ ನಾಟಬೇಕು. ಮುಂದೆ ನಾನು ಹೇಳುವ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಈ ಮೂರನ್ನು ಕೇಳಿಕೊಳ್ಳೋಣ: ಕಂಡದ್ದು ಯಾವುದು? ಅನುಮಾನಿಸಿದ್ದು ಯಾವುದು? ನಡುವಣ ವ್ಯಾಪ್ತಿ ಯಾವುದು?

ಮೊದಲು, ರೇಡಾರು ಕಾಣುವುದೇನನ್ನು?

ಈಗ ನನ್ನ ಧ್ವನಿಯನ್ನು ನಿಮ್ಮ ಮನೆಗೆ ತಂದಿರುವ ರೇಡಿಯೋ ಅಲೆಗೂ ರೇಡಾರಿನ ಅಲೆಗೂ ಜಾತಿಯೊಂದೇ. ಅದರ ಉದ್ದ ಕಿರಿದು: ದೊಡ್ಡ ರೇಡಾರುಗಳಲ್ಲಿ ಸುಮಾರು 10 ಸೆಂಟಿಮೀಟರು, ನಮ್ಮ ಅಂಗೈಯಷ್ಟು. ರೇಡಾರು ಕ್ಷಣಮಾತ್ರ ಕೂಗುತ್ತದೆ. ಆಮೇಲೆ ಮೌನವಾಗಿ ಆಲಿಸುತ್ತದೆ. ಅಲೆಯು ಮಳೆಹನಿಗಳಿಗೆ ತಾಗಿ, ಅತ್ಯಲ್ಪವಾದೊಂದು ಅಂಶ ಮರುದನಿಯಾಗಿ ಹಿಂದಿರುಗುತ್ತದೆ. 150 ಕಿಲೋಮೀಟರು ದೂರದ ಮೋಡವನ್ನು ಮುಟ್ಟಿ ಮರಳಲು ಅದಕ್ಕೆ ಬೇಕಾದುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹಿಡಿದ ಕಾಲದಿಂದ ದೂರ ತಿಳಿಯಿತು. ಮರುದನಿಯ ಬಲದಿಂದ ಮಳೆಯ ಪ್ರಮಾಣ ಸ್ಥೂಲವಾಗಿ ತಿಳಿಯಿತು. ಗಾಳಿ ಇನ್ನೂ ತಿಳಿಯಲಿಲ್ಲ.

ಗಾಳಿಗೆ ದಾರಿ ತೋರಿದವನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. 1842ರಲ್ಲಿ ಪ್ರಾಗ್ ನಗರದಲ್ಲಿ ಅವನು ಮಂಡಿಸಿದ ತತ್ತ್ವವನ್ನು ಚಾರ್ಮಾಡಿಯ ತಿರುವಿನಲ್ಲಿ ನಿಂತ ಯಾರಾದರೂ ಕಿವಿಯಿಂದಲೇ ಪರೀಕ್ಷಿಸಬಹುದು. ಹಾರನ್ ಹೊಡೆಯುತ್ತ ನಮ್ಮತ್ತ ಬರುವ ಬಸ್ಸಿನ ದನಿ ತುಸು ತಾರಕಕ್ಕೇರಿರುತ್ತದೆ. ನಮ್ಮನ್ನು ದಾಟಿ ಹೋದೊಡನೆ ಅದೇ ದನಿ ಮಂದ್ರಕ್ಕಿಳಿಯುತ್ತದೆ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬಾಲಟ್ ಎಂಬ ವಿಜ್ಞಾನಿ, ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ ಓಡಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳವರನ್ನು ನಿಲ್ಲಿಸಿ, ಇದನ್ನು ಸಿದ್ಧಮಾಡಿ ತೋರಿಸಿದನು. ಮಳೆಹನಿಯೂ ಹಾಗೆಯೆ. ಗಾಳಿಯೊಡನೆ ಅದು ರೇಡಾರಿನತ್ತ ಬರುತ್ತಿದ್ದರೆ ಮರುದನಿಯ ಸ್ವರ ಏರುತ್ತದೆ. ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಈ ಏರಿಳಿತ ಎಷ್ಟು ಸೂಕ್ಷ್ಮವೆಂದು ಕೇಳಿ. ಸೆಕೆಂಡಿಗೆ 300 ಕೋಟಿ ಸಲ ಕಂಪಿಸುವ ಅಲೆಯಲ್ಲಿ, ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ಉಂಟುಮಾಡುವ ವ್ಯತ್ಯಾಸ ಕೇವಲ 200 ಕಂಪನ. ಅಷ್ಟನ್ನು ಹೆಕ್ಕಿ ತೆಗೆಯಬಲ್ಲ ಯಂತ್ರವನ್ನು ಮನುಷ್ಯ ಕಟ್ಟಿದ್ದಾನೆ. ಇಂಥ ರೇಡಾರು ಭಾರತದ ಹವಾಮಾನ ಇಲಾಖೆಗೆ 2002ರಲ್ಲಿ, ಚೆನ್ನೈಯಲ್ಲಿ, ಮೊದಲು ಬಂದಿತು.

ಇಲ್ಲಿಯವರೆಗಿನ ಮಾತು ಇಷ್ಟು. ರೇಡಾರಿಗೆ ಪ್ರತ್ಯಕ್ಷವಾಗುವುದು ಹನಿಯ ದೂರ, ಮರುದನಿಯ ಬಲ, ಮತ್ತು ಆ ಹನಿ ತನ್ನ ಕಡೆಗೆ ಬರುವ ಅಥವಾ ತನ್ನಿಂದ ಸರಿಯುವ ವೇಗ. ಬೇರೆಯೇನೂ ಇಲ್ಲ.

ಈ “ತನ್ನ ಕಡೆಗೆ” ಎಂಬ ಮಾತನ್ನು ಗಮನಿಸಿರಿ. ಅದರಲ್ಲಿಯೇ ತೊಡಕೆಲ್ಲ ಇದೆ. ಗಾಳಿ ರೇಡಾರಿನ ದೃಷ್ಟಿಗೆ ಅಡ್ಡವಾಗಿ ಬೀಸಿದರೆ, ಅದು ಎಷ್ಟೇ ಪ್ರಚಂಡವಾಗಿದ್ದರೂ ರೇಡಾರಿನ ಲೆಕ್ಕದಲ್ಲಿ ಸೊನ್ನೆ. ಗಾಳಿಗೆ ಮೂರು ದಿಕ್ಕುಗಳ ಚಲನೆಯುಂಟು. ರೇಡಾರಿಗೆ ಸಿಕ್ಕುವುದು ಒಂದರ ಛಾಯೆ. ಉಳಿದ ಎರಡನ್ನು ಅನುಮಾನಿಸಬೇಕು.

ನಾನು ಹುಡುಗನಾಗಿದ್ದಾಗ ಆರಿದ್ರಾ ಮಳೆಯ ಒಂದು ಸಂಜೆ, ಕಂಬಳಿಕೊಪ್ಪೆ ಹೊದ್ದ ಮುದುಕರೊಬ್ಬರೊಡನೆ ಗದ್ದೆಯ ಬದುವಿನ ಮೇಲೆ ಬರುತ್ತಿದ್ದೆ. ಕತ್ತಲೆ ಕವಿದಿತ್ತು. ಅವರು ನಿಂತರು; ನಿಂತಲ್ಲಿಯೇ ನಿಧಾನವಾಗಿ ಒಂದು ಸುತ್ತು ತಿರುಗಿದರು. “ಗಾಳಿ ತಿರುಗ್ಯದೆ ಕಣೋ ಮಗಾ, ಬೇಗ ಹೆಜ್ಜೆ ಹಾಕು” ಎಂದರು. ಇರಿಚಲು ಮುಖಕ್ಕೆ ಎಲ್ಲಿ ಅತಿ ಹೆಚ್ಚು ಹೊಡೆಯಿತೋ ಗಾಳಿ ಆ ದಿಕ್ಕಿನದು. ಎಲ್ಲಿ ಕೆನ್ನೆ ಬೆಚ್ಚಗಾಯಿತೋ ಅದು ಮರೆ. ರೇಡಾರೂ ಹೀಗೆಯೇ ಒಂದು ಸುತ್ತು ತಿರುಗುತ್ತದೆ. ತಿರುಗುವಾಗ ಅದು ಅಳೆದ ವೇಗವು ಒಮ್ಮೆ ಪರಮಾವಧಿಗೇರಿ, ಸೊನ್ನೆಗಿಳಿದು, ಎದುರು ದಿಕ್ಕಿನಲ್ಲಿ ಮತ್ತೆ ಪರಮಾವಧಿ ಮುಟ್ಟಿ ಹಿಂದಿರುಗುವ ಒಂದು ಅಲೆಯನ್ನು ಬರೆಯುತ್ತದೆ. ಆ ಅಲೆಯ ಶಿಖರ ಯಾವ ದಿಕ್ಕಿನಲ್ಲಿದೆಯೋ ಅದರಿಂದ ಗಾಳಿಯ ದಿಕ್ಕು, ಶಿಖರ ಎಷ್ಟು ಎತ್ತರವೋ ಅದರಿಂದ ವೇಗ. ದೃಷ್ಟಿಯನ್ನು ಮೇಲಕ್ಕೆತ್ತಿ ಇದನ್ನೇ ಮಾಡಿದರೆ ಎತ್ತರೆತ್ತರದ ಗಾಳಿ. 1961ರಲ್ಲಿ ಲೆರ್ಮಿಟ್ ಮತ್ತು ಆಟ್ಲಸ್ ಎಂಬ ಇಬ್ಬರು ವಿಜ್ಞಾನಿಗಳು ಈ ಕ್ರಮವನ್ನು ಮುಂದಿಟ್ಟರು.

ಇಲ್ಲಿ ವ್ಯಾಪ್ತಿ ಯಾವುದು? ಸುತ್ತಲಿನ ವೃತ್ತದಲ್ಲೆಲ್ಲ ಗಾಳಿ ಹೆಚ್ಚುಕಡಮೆ ಒಂದೇ ಸಮನಾಗಿ ಬೀಸುತ್ತಿದೆ ಎಂಬ ನಂಬಿಕೆ. ಬಯಲುಸೀಮೆಯಲ್ಲಿ, ಸಮುದ್ರದ ಮೇಲೆ ಈ ನಂಬಿಕೆ ನಿಲ್ಲುತ್ತದೆ. ನಮ್ಮ ಬೆಟ್ಟಗಳಲ್ಲಿ ನಿಲ್ಲುವುದಿಲ್ಲ. ಬಲ್ಲಾಳರಾಯನದುರ್ಗದ ನೆತ್ತಿಯ ಗಾಳಿ ಬೇರೆ. ಕೆಳಗಣ ಕಣಿವೆಯ ಗಾಳಿ ಬೇರೆ. ಒಂದೇ ತೋಟದಲ್ಲಿ ಮೇಲಿನ ಪಟ್ಟಿಯ ಕಾಯಿ ಉದುರಿ, ಕೆಳಗಿನ ಪಟ್ಟಿಯ ಎಲೆಯೂ ಅಲುಗದೆ ಇದ್ದ ರಾತ್ರಿಗಳನ್ನು ನೀವು ಬಲ್ಲಿರಿ. ಆದುದರಿಂದ ಇಂಥಲ್ಲಿ ಎರಡು ರೇಡಾರುಗಳು ಬೇಕು. ಒಂದೇ ಮೋಡವನ್ನು ಎರಡು ಕಡೆಯಿಂದ ನೋಡಿದರೆ ಎರಡು ಛಾಯೆಗಳು ದೊರೆತು, ಅಡ್ಡಗಾಳಿಯ, ಎಂದರೆ ನೆಲದುದ್ದಕ್ಕೆ ಬೀಸುವ ಗಾಳಿಯ, ಪೂರ್ಣರೂಪ ನಿಶ್ಚಯವಾಗುತ್ತದೆ.

ಮೂರನೆಯದು, ಮೇಲ್ಮುಖವಾದ ಚಲನೆ. ಹನಿ ತಾನೇ ಬೀಳುತ್ತಿರುವುದರಿಂದ, ದೊಡ್ಡ ಹನಿಯಾದರೆ ಸೆಕೆಂಡಿಗೆ 9 ಮೀಟರಿನವರೆಗೂ ಬೀಳುವುದರಿಂದ, ಗಾಳಿಯ ಏರಿಕೆಯನ್ನು ಅದರಿಂದ ನೇರವಾಗಿ ಓದಲಾಗದು. ಇಲ್ಲಿ ನೆರವಾಗುವ ವ್ಯಾಪ್ತಿ ಬಲು ಸರಳವಾದದ್ದು: ಗಾಳಿ ಎಲ್ಲಿಯೂ ಹುಟ್ಟುವುದಿಲ್ಲ, ಎಲ್ಲಿಯೂ ನಾಶವಾಗುವುದಿಲ್ಲ. ಕಣಿವೆಯೊಂದಕ್ಕೆ ಒಳಹೊಕ್ಕ ಗಾಳಿ ಹೊರಬಿದ್ದ ಗಾಳಿಗಿಂತ ಹೆಚ್ಚಾಗಿದ್ದರೆ, ಮಿಕ್ಕದ್ದು ಮೇಲಕ್ಕೇರಿರಲೇಬೇಕು.

ಹೀಗೆ ಗಾಳಿಯ ಮೂರು ಮುಖಗಳೂ ಕೈಗೆ ಬಂದುವು. ಈಗ ಶಾಖಕ್ಕೆ ಬರುತ್ತೇನೆ. ಈ ವಿದ್ಯೆಯಲ್ಲೆಲ್ಲ ನನ್ನನ್ನು ಅತ್ಯಂತ ಬೆರಗುಗೊಳಿಸಿರುವುದು ಈ ಭಾಗ.

ಮಳೆಯ ರೇಡಾರಿನ ಅಲೆಯನ್ನು ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಬಹುತೇಕ ಒಂದೇ ತೆರನಾಗಿ ದಾಟಗೊಡುತ್ತವೆ. ಹಾಗಿದ್ದ ಮೇಲೆ ಶಾಖ ತಿಳಿಯುವುದೆಂತು? ಟ್ಸ್ವಿ ಗಾಲ್-ಚೆನ್ ಎಂಬ ವಿಜ್ಞಾನಿ 1978ರಲ್ಲಿ ಇದಕ್ಕೊಂದು ದಾರಿಯನ್ನು ಪ್ರಕಟಿಸಿದನು. ಅದರ ಸಾರವನ್ನು ಗಣಿತವಿಲ್ಲದೆ ಹೇಳಲು ಯತ್ನಿಸುತ್ತೇನೆ. ಕೆಲವು ನಿಮಿಷಗಳ ಅಂತರದಲ್ಲಿ ಗಾಳಿಯ ಚಿತ್ರವನ್ನು ಮತ್ತೆ ಮತ್ತೆ ಪಡೆದೆವೆನ್ನಿ. ಒಂದೆಡೆಯ ಗಾಳಿ ವೇಗವನ್ನು ಹೆಚ್ಚಿಸಿಕೊಂಡಿದೆ; ಇನ್ನೊಂದೆಡೆ ಏರುತ್ತಿದ್ದುದು ಕುಗ್ಗಿದೆ. ನ್ಯೂಟನ್ ಹೇಳಿದಂತೆ, ಬಲವಿಲ್ಲದೆ ವೇಗ ಬದಲಾಗದು. ಆ ಬಲಗಳು ಮುಖ್ಯವಾಗಿ ಎರಡು. ಒಂದು, ಒತ್ತಡದ ಏರುಪೇರು ತಳ್ಳುವ ಬಲ. ಇನ್ನೊಂದು, ಸುತ್ತಲಿನದಕ್ಕಿಂತ ಬಿಸಿಯಾಗಿ ಹಗುರವಾದ ಗಾಳಿಯನ್ನು ಮೇಲೆತ್ತುವ ಬಲ. ಅಡ್ಡ ದಿಕ್ಕಿನಲ್ಲಿ ಮೊದಲನೆಯ ಬಲವೊಂದೇ ಕೆಲಸ ಮಾಡುವುದರಿಂದ, ಅಡ್ಡಗಾಳಿಯ ಬದಲಾವಣೆಯಿಂದ ಒತ್ತಡದ ಏರುಪೇರನ್ನು ಲೆಕ್ಕಹಾಕಬಹುದು. ಅದನ್ನು ಮೇಲ್ಮುಖವಾದ ಚಲನೆಯಿಂದ ಕಳೆದು, ಮೋಡದ ನೀರಿನ ಭಾರವನ್ನೂ ಲೆಕ್ಕಕ್ಕೆ ಹಿಡಿದರೆ, ಉಳಿದದ್ದು ಶಾಖದ ಕೈವಾಡ. ಗಾಳಿಯೇ ಹೊಗೆ, ಶಾಖವೇ ಬೆಂಕಿ!

ಆದರೆ ಈ ಅನುಮಾನಕ್ಕೆ ಒಂದು ಮಿತಿಯಿದೆ. ಒಂದೊಂದು ಎತ್ತರದಲ್ಲಿಯೂ ಈ ಜಾಗ ಆ ಜಾಗಕ್ಕಿಂತ ಎಷ್ಟು ಡಿಗ್ರಿ ಬೆಚ್ಚಗಿದೆ ಎಂಬುದನ್ನು ಅದು ಹೇಳಬಲ್ಲುದು. ಒಟ್ಟು ಆ ಎತ್ತರವೇ ಎಷ್ಟು ಡಿಗ್ರಿಯಲ್ಲಿದೆ ಎಂಬುದನ್ನು ಹೇಳಲಾರದು. ಅಳತೆಗೋಲಿನ ಗೀರುಗಳೆಲ್ಲ ಸಿಕ್ಕಿ, ಸೊನ್ನೆ ಎಲ್ಲಿದೆಯೆಂಬುದು ಮಾತ್ರ ಸಿಕ್ಕದಂತೆ. ಆ ಸೊನ್ನೆಯನ್ನು ನೆಡಲು ಎಲ್ಲಿಯಾದರೂ ಒಂದು ಕಡೆ ಉಷ್ಣಮಾಪಕ ಗಾಳಿಯನ್ನು ಮುಟ್ಟಿರಲೇಬೇಕು. ಮಂಗಳೂರಿನ ಪಣಂಬೂರಿನಿಂದಲೂ ಬೆಂಗಳೂರಿನಿಂದಲೂ ಉಪಕರಣ ಕಟ್ಟಿ ಹಾರಿಬಿಡುವ ಬಲೂನು ಈ ಕೆಲಸವನ್ನು ಮಾಡುತ್ತದೆ.

ನಿಸರ್ಗವೇ ಬರೆದಿಟ್ಟ ಗುರುತೂ ಒಂದಿದೆ. ಮುಂಗಾರಿನ ದಿನಗಳಲ್ಲಿ ಸುಮಾರು 5 ಕಿಲೋಮೀಟರು ಎತ್ತರಕ್ಕೆ ಹೋದರೆ ಶಾಖ ಸೊನ್ನೆ ಡಿಗ್ರಿ. ಅದಕ್ಕಿಂತ ಎತ್ತರದ ಮೋಡಗಳಲ್ಲಿ ಹಿಮದ ಹಳಕುಗಳಿರುತ್ತವೆ. ಕಳಸೇಶ್ವರನ ದೇಗುಲದ ಮುಂದೆ ಕೊಡೆ ಹಿಡಿದು ನಿಂತವರ ತಲೆಯ ಮೇಲೆಯೂ ಎಷ್ಟೋ ದಿನ ಮಂಜುಗಡ್ಡೆ ಉದುರುತ್ತಿರುತ್ತದೆ. ದಾರಿಯಲ್ಲಿ ಕರಗಿ ಮಳೆಯಾಗಿ ಕೆಳಕ್ಕೆ ಬರುತ್ತದೆ. ಕರಗಲು ತೊಡಗಿದ ಹಳಕಿನ ಮೈಯೆಲ್ಲ ಒದ್ದೆ. ಒದ್ದೆಯಾದ ದೊಡ್ಡ ಹಳಕು ರೇಡಾರಿನ ಅಲೆಯನ್ನು ಬಹಳ ಬಲವಾಗಿ ಹಿಂದಿರುಗಿಸುತ್ತದೆ. ಆದುದರಿಂದ ರೇಡಾರಿನ ಚಿತ್ರದಲ್ಲಿ ಆ ಎತ್ತರದಲ್ಲಿ ಬಳೆಯಂತೆ ಒಂದು ಹೊಳೆಯುವ ಪಟ್ಟಿ ಮೂಡುತ್ತದೆ. ಸೊನ್ನೆ ಡಿಗ್ರಿ ಅದಕ್ಕಿಂತ ತುಸುವೇ ಮೇಲೆ.

ರೇಡಾರಿನೊಡನೆ ಶಬ್ದವನ್ನು ಬೆರೆಸುವ ಉಪಾಯವೂ ಉಂಟು. ಶಬ್ದದ ವೇಗ ಶಾಖದೊಡನೆ ಏರುತ್ತದೆ: ಡಿಗ್ರಿಯೊಂದಕ್ಕೆ, ಸೆಕೆಂಡಿಗೆ ಸುಮಾರು 60 ಸೆಂಟಿಮೀಟರು. ನೆಲದಿಂದ ದೊಡ್ಡ ಸದ್ದೊಂದನ್ನು ಮೇಲಕ್ಕೆ ಕಳುಹಿಸಿ, ಅದು ಏರುವ ವೇಗವನ್ನು ರೇಡಾರಿನಿಂದ ಅಳೆದರೆ ಎತ್ತರೆತ್ತರದ ಶಾಖ ತಿಳಿಯುತ್ತದೆ. ಮಳೆಯ ಹನಿಗಾಗಿ ಕಾಯದೆ, ತಿಳಿಯಾದ ಗಾಳಿಯ ಸುಳಿಗಳಿಂದಲೇ ಮರುದನಿ ಪಡೆಯುವ ರೇಡಾರುಗಳೂ ನಮ್ಮ ನೆರೆಯಲ್ಲಿವೆ. ತಿರುಪತಿಯ ಬಳಿ ಗಾದಂಕಿಯಲ್ಲೊಂದು. ಕೊಚ್ಚಿಯ ವಿಶ್ವವಿದ್ಯಾನಿಲಯದಲ್ಲಿ 619 ಆಂಟೆನಾಗಳನ್ನು ಒಟ್ಟುಗೂಡಿಸಿದ ಇನ್ನೊಂದು. ಇವು ತಮ್ಮ ನೆತ್ತಿಯ ಮೇಲಿನ ಗಾಳಿಯನ್ನು ಅಳೆಯುತ್ತವೆ. ನಮ್ಮ ನೆತ್ತಿಯದನ್ನಲ್ಲ.

ಶ್ರೋತೃಗಳೇ, ಹೇಳಿದ್ದನ್ನು ಮತ್ತೊಮ್ಮೆ ನೆನೆಯೋಣ. ಹನಿಯ ಒಂದು ದಿಕ್ಕಿನ ವೇಗ ಪ್ರತ್ಯಕ್ಷ. ಅದರಿಂದ ಪೂರ್ಣ ಗಾಳಿ ಅನುಮಾನ. ಗಾಳಿಯ ಬದಲಾವಣೆಯಿಂದ ಶಾಖ ಅನುಮಾನ. ಇನ್ನು ನಮ್ಮ ಬೆಟ್ಟಗಳ ಮಾತು.

ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ಭಾರತೀಯ ಹವಾಶಾಸ್ತ್ರಜ್ಞರು 1966ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಜುಲೈ ತಿಂಗಳಿನಲ್ಲಿ ದಕ್ಷಿಣ ಭಾರತವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಒಂದು ಗಾಳಿಯ ಹೊಳೆಯುಂಟು. ಅದರ ನಡುಪಾತ್ರ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ, ಎಷ್ಟೋ ಸಲ ಗಂಟೆಗೆ 70 ಕಿಲೋಮೀಟರನ್ನೂ ಮೀರಿ ಹರಿಯುತ್ತದೆ. ಮೂರು ವರ್ಷದ ತರುವಾಯ, ಫಿಂಡ್ಲೇಟರ್ ಎಂಬವರು ಇದೇ ಹೊಳೆಯ ಮೇಲ್ಭಾಗವನ್ನು ಆಫ್ರಿಕದ ಪೂರ್ವ ತೀರದಲ್ಲಿ ವಿವರಿಸಿದರು. ಈಗ ನಮ್ಮ ಎತ್ತರಗಳನ್ನು ನೆನಪಿಸಿಕೊಳ್ಳಿರಿ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಕುದುರೆಮುಖ ಸುಮಾರು 1,890. ದೇಶಕ್ಕೆಲ್ಲ ಮಳೆಯನ್ನು ಹೊರುವ ಗಾಳಿಹೊಳೆಯ ನಡುಪಾತ್ರಕ್ಕೆ ಬಂಡೆಗಳಂತೆ ತಲೆಯೊಡ್ಡಿ ನಿಂತಿರುವುದು ನಮ್ಮ ಈ ಗಿರಿಗಳು. ಗಾಳಿ ಇವುಗಳಿಗೆ ತಾಗಿ ಏರುತ್ತದೆ, ಏರಿ ತಣಿಯುತ್ತದೆ, ತಣಿದು ಹಬೆ ಹನಿಯಾಗುತ್ತದೆ; ಹನಿಯಾಗುವಾಗ ಬಿಡುಗಡೆಯಾದ ಶಾಖವು ಗಾಳಿಯನ್ನು ಇನ್ನಷ್ಟು ಎತ್ತುತ್ತದೆ. ಇಲ್ಲಿ ಗಾಳಿ, ಶಾಖ, ಮಳೆ ಎಂಬುವು ಮೂರು ವಿಷಯಗಳಲ್ಲ.

ಇಂಥ ಜಾಗವನ್ನು ದೂರದ ರೇಡಾರುಗಳು ಎಷ್ಟು ಕಂಡಾವು? ಗೋವೆಯ ಪಣಜಿಯ ರೇಡಾರು ಮೂಡಿಗೆರೆಗೆ ಸುಮಾರು 330 ಕಿಲೋಮೀಟರು. ಕೊಚ್ಚಿಯದು ಇನ್ನೂ ದೂರ. ಭೂಮಿ ದುಂಡಗಿರುವುದರಿಂದಲೂ, ರೇಡಾರಿನ ದೃಷ್ಟಿ ನೆಲದಿಂದ ಅರ್ಧ ಡಿಗ್ರಿಯಷ್ಟಾದರೂ ಮೇಲೆದ್ದಿರುವುದರಿಂದಲೂ, ಅಷ್ಟು ದೂರ ಬರುವಾಗ ಆ ದೃಷ್ಟಿ 9 ಕಿಲೋಮೀಟರು ಎತ್ತರಕ್ಕೆ ಹೋಗಿರುತ್ತದೆ. ಅದು ವಿಮಾನಗಳ ಎತ್ತರ. ನಮ್ಮ ಮುಂಗಾರಿನ ಮಳೆಯಾದರೋ ಬಹುಪಾಲು ಗಿಡ್ಡ ಮೋಡಗಳದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಹಾಬಲೇಶ್ವರದ ಸೀಮೆಯ ಮಾಂಢರದೇವಿಯ ಬೆಟ್ಟದ ಮೇಲೆ ರೇಡಾರುಗಳನ್ನಿರಿಸಿ ನೋಡಿದಾಗ, ಸಹ್ಯಾದ್ರಿಯ ಮಳೆಯಲ್ಲಿ ಇಂಥ ತಗ್ಗುಮೋಡಗಳ ಪಾಲು ಎಷ್ಟು ದೊಡ್ಡದೆಂಬುದು ಸ್ಪಷ್ಟವಾಯಿತು. ದೂರದ ರೇಡಾರಿಗೆ ಬರಿದಾಗಿ ತೋರುವ ಆಕಾಶದಡಿಯಲ್ಲಿ ಕೊಟ್ಟಿಗೆಹಾರ ನೆನೆಯುತ್ತಿರಬಹುದು. ಮಂಗಳೂರಿನಲ್ಲಿ ನಿಂತು ನೋಡುವ ರೇಡಾರಿಗೆ ದೂರದ ತೊಂದರೆಯಿಲ್ಲ. ಕಳಸ ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ 65 ಕಿಲೋಮೀಟರು ಮಾತ್ರ. ಆದರೆ ನಡುವೆ ಕುದುರೆಮುಖವೇ ನಿಂತಿದೆ. ಆ ಶಿಖರವನ್ನು ದಾಟುವಂತೆ ದೃಷ್ಟಿಯನ್ನೆತ್ತಿದರೆ, ಕಳಸದ ಮೇಲೆ ಅದು ಸಮುದ್ರಮಟ್ಟದಿಂದ ಎರಡೂವರೆ ಕಿಲೋಮೀಟರು ಎತ್ತರದಲ್ಲಿ ಹಾಯುತ್ತದೆ. ಗಾಳಿಹೊಳೆಯ ನಡುಪಾತ್ರ ಅದರ ಕೆಳಗೇ ಹರಿದುಹೋಗುತ್ತದೆ.

ಬೆಟ್ಟದ ಮೇಲೆಯೇ ರೇಡಾರನ್ನಿಟ್ಟರೂ ಮಂಜನ್ನು ಹೊಗೆಯೆಂದು ಬಗೆಯುವ ಭಯ ತಪ್ಪದು. ಎದುರುಬೆಟ್ಟದಿಂದ ಬರುವ ಮರುದನಿಯನ್ನು ಅದು ಚಲಿಸದ್ದೆಂದು ಗುರುತಿಸಿ ಕಳೆದುಬಿಡುತ್ತದೆ. ಆದರೆ ಗಾಳಿಗೆ ತೂಗಾಡುವ ಸಿಲ್ವರ್ ಮರಗಳ ಸಾಲು ಚಲಿಸುತ್ತದೆ. ದೃಷ್ಟಿಗೆ ಅಡ್ಡವಾಗಿ ಸುರಿಯುವ ನಿಜವಾದ ಮಳೆ ಚಲಿಸದಂತೆ ತೋರುತ್ತದೆ. ಒಂದನ್ನು ಮಳೆಯೆಂದು ಎಣಿಸಿ ಇನ್ನೊಂದನ್ನು ಬೆಟ್ಟವೆಂದು ತಳ್ಳಿಹಾಕುವ ಪ್ರಮಾದಕ್ಕೆ ಅವಕಾಶವಿದ್ದೇ ಇದೆ. ಇಷ್ಟಾದರೂ ಇಂಥ ಕಣ್ಣೊಂದು ಘಟ್ಟದ ನೆತ್ತಿಯಲ್ಲಿ, ಇಂಥದೇ ಇನ್ನೊಂದರ ಜೊತೆಗೂಡಿ, ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ರಸ್ತೆ ಕುಸಿದು ಮುಚ್ಚಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮನೆಗಳು ಮಣ್ಣುಪಾಲಾದುವು. ಆ ರಾತ್ರಿಗಳಲ್ಲಿ ನಮ್ಮ ಲೈನ್ ಮನೆಗಳ ಮಕ್ಕಳನ್ನೆಲ್ಲ ಗೋದಾಮಿಗೆ ಕರೆತಂದು ಮಲಗಿಸಿ, ನಾವು ದೊಡ್ಡವರು ಗಾಳಿಯ ಸದ್ದನ್ನು ಕೇಳುತ್ತ ಕುಳಿತಿದ್ದೆವು. ಗಾಳಿ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡದ್ದಲ್ಲದೆ ನಮಗೆ ಬೇರೆ ಪ್ರಮಾಣವಿರಲಿಲ್ಲ.

ರೇಡಾರಿನ ಅನುಮಾನವನ್ನು ಕೊನೆಗೆ ನೆಲದ ಮೇಲಣ ಅಳತೆಯೊಡನೆ ಒರೆಗೆ ಹಚ್ಚಬೇಕು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸುಮಾರು 6,000 ಸ್ವಯಂಚಾಲಿತ ಮಳೆಮಾಪಕಗಳು ಈ ಕೆಲಸಕ್ಕೆ ಒದಗುತ್ತವೆ. ಆದರೆ ಅವುಗಳ ನೆನಪು ಈಚಿನದು. ಹಿಂದಿನ ತಲೆಮಾರುಗಳ ನೆನಪಿರುವುದು ನಿಮ್ಮ ತೋಟದ ಪುಸ್ತಕಗಳಲ್ಲಿ. “ಗಾಳಿ ಜೋರು” ಎಂದು ಬರೆದ ದಿನ ಯಾವುದು, ಅಂದಿನ ಇಂಚು ಸೆಂಟು ಎಷ್ಟು, ಮರ ಯಾವ ದಿಕ್ಕಿಗೆ ಬಿದ್ದಿತು ಎಂಬಿಷ್ಟೇ ಇದ್ದರೂ, ಯಾವ ಗಾಳಿಗೆ ಯಾವ ಕಣಿವೆ ಎಷ್ಟು ನೆನೆಯುತ್ತದೆಂಬ ವ್ಯಾಪ್ತಿಯನ್ನು ಹುಡುಕುವವರಿಗೆ ಅದು ಬೆಲೆ ಕಟ್ಟಲಾಗದ ಸಾಕ್ಷಿ. ಅಂಥ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿದ್ದರೆ ಕೆಳಗಿಳಿಸಿರಿ, ರದ್ದಿಗೆ ಹಾಕಬೇಡಿರಿ. ಬಿಸಿಲು ಬಿದ್ದ ದಿನ ಕಣದ ಮೇಲೆ ಹರಡಿ ಒಣಗಿಸಿರಿ. ಮನೆಯ ಮಕ್ಕಳಿಂದ ಅವುಗಳ ಒಂದು ಪ್ರತಿಯನ್ನು ತೆಗೆಸಿಡಿರಿ. ನಾಳೆ ಎಂಟೂವರೆಗೆ ಮಳೆ ಅಳೆಯುವಾಗ, ಗಾಳಿ ಯಾವ ಕಡೆಯಿಂದ ಬೀಸಿತೆಂಬುದನ್ನೂ ಒಂದು ಮಾತು ಬರೆಯುವಂತೆ ರೈಟರಿಗೆ ಹೇಳಿರಿ.